300 ಅಡಿ, 120 ನಿಮಿಷ ಮತ್ತು ನಮ್ಮ ‘ಕಾನೂನು ಸುವ್ಯವಸ್ಥೆ’

300 ಅಡಿ ಎಂದರೆ ಸುಮಾರು 91 ಮೀಟರು. ಕ್ರಿಕೆಟ್ ಪಿಚ್ಚಿನ ನಡುವೆ ನಿಂತವನಿಗೂ ಬೌಂಡರಿ ಹಗ್ಗಕ್ಕೂ ಇರುವ ದೂರಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟು ದೂರದಿಂದ ಗಂಟಲು ಹರಿಯುವಂತೆ ಕೂಗಿದರೆ ದನಿ ಮುಟ್ಟುತ್ತದೆ, ಫಲಕದ ದಪ್ಪಕ್ಷರವೂ ಕಂಡೀತು, ಕೈ ಮಾತ್ರ ಮುಟ್ಟದು. ಸೈನಿಕನ ಶವಸಂಸ್ಕಾರದ ಹತ್ತಿರ ಗದ್ದಲ ಎಬ್ಬಿಸುವವರು ಎಷ್ಟು ದೂರ ಇರಬೇಕು ಎಂಬ ಪ್ರಶ್ನೆಗೆ ಅಮೆರಿಕದ ಒಕ್ಕೂಟ ಸರ್ಕಾರ 2012ರಿಂದ ಕೊಡುತ್ತಿರುವ ಉತ್ತರ ಇದೇ: 300 ಅಡಿ. ಸಂಸ್ಕಾರಕ್ಕೆ 120 ನಿಮಿಷ ಮೊದಲಿನಿಂದ, ಮುಗಿದು 120 ನಿಮಿಷ ಆಗುವವರೆಗೆ.

ಲೆಕ್ಕದಿಂದಲೇ ಮಾತು ಶುರು ಮಾಡಲು ಕಾರಣವಿದೆ. ಸೇನೆಗೆ ಸಂಬಂಧಪಟ್ಟ ಪ್ರತಿಭಟನೆಗಳಿಗೆ ಕಡಿವಾಣ ಹಾಕುವ ಮಸೂದೆ ಬಂದಾಗಲೆಲ್ಲ, ನಾನಿರುವ ಅಮೆರಿಕದಲ್ಲಿರಲಿ ನಮ್ಮ ಭಾರತದಲ್ಲಿರಲಿ, ಚರ್ಚೆ ದೇಶಭಕ್ತಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಪರ ಇದ್ದವರು ಸೈನಿಕನ ತ್ಯಾಗದ ಮಾತೆತ್ತುತ್ತಾರೆ, ವಿರೋಧಿಸುವವರು ವಾಕ್ ಸ್ವಾತಂತ್ರ್ಯದ ಮಾತೆತ್ತುತ್ತಾರೆ. ಮಸೂದೆಯ ಒಳಗೆ ಏನು ಬರೆದಿದೆ ಎಂದು ಓದುವವರು ಕಡಿಮೆ. ಅಮೆರಿಕದಲ್ಲಿದ್ದು ಎರಡೂ ಕಡೆಯ ಕಾನೂನು ಓದುತ್ತ ಬಂದವನಾಗಿ ನನಗೆ ಅನಿಸಿರುವುದು ಇಷ್ಟು: ಇಲ್ಲಿನ ಕಾನೂನು ತಪ್ಪೋ ಸರಿಯೋ, ಎಲ್ಲಿ ನಿಂತರೆ ಅಪರಾಧ, ಎಲ್ಲಿ ನಿಂತರೆ ಅಲ್ಲ ಎಂಬುದನ್ನು ಬಹುಮಟ್ಟಿಗೆ ಅಡಿ, ನಿಮಿಷಗಳಲ್ಲಿ ಮೊದಲೇ ಹೇಳುತ್ತದೆ. ನಮ್ಮಲ್ಲಿ ಅದು ಪೊಲೀಸ್ ಅಧಿಕಾರಿ ಆ ದಿನ ಏನು ತೀರ್ಮಾನಿಸುತ್ತಾರೆ ಎಂಬುದಕ್ಕೆ ಬಿಟ್ಟದ್ದು. ಈ ಒಂದು ವಿಷಯದಲ್ಲಿ ನಾವು ಇಲ್ಲಿಂದ ಕಲಿಯಬೇಕು. ಬೇರೆ ಕೆಲವು ವಿಷಯಗಳಲ್ಲಿ ನಮ್ಮ ಹಳೇ ಕಾನೂನೇ ಮೇಲು, ಅದನ್ನೂ ಹೇಳುತ್ತೇನೆ.

ಅಮೆರಿಕದಲ್ಲಿ ಈ ಕಾಯಿದೆ ಹುಟ್ಟಿದ್ದು ಒಂದೇ ಒಂದು ಪುಟ್ಟ ಗುಂಪಿನಿಂದ. ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಫ್ರೆಡ್ ಫೆಲ್ಪ್ಸ್ ಕಟ್ಟಿದ ವೆಸ್ಟ್‌ಬೊರೊ ಬ್ಯಾಪ್ಟಿಸ್ಟ್ ಚರ್ಚ್. ಹೆಚ್ಚುಕಡಿಮೆ ಒಂದೇ ಕುಟುಂಬದವರು. ಸಲಿಂಗಿಗಳನ್ನು ಸಹಿಸುವ ದೇಶಕ್ಕೆ ದೇವರು ಕೊಡುತ್ತಿರುವ ಶಿಕ್ಷೆಯೇ ಸೈನಿಕರ ಸಾವು ಎಂಬುದು ಇವರ ನಂಬಿಕೆ. 2005ರಿಂದ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಮಡಿದವರ ಶವಸಂಸ್ಕಾರ ನಡೆಯುವ ಕಡೆಗೆ ಹೋಗಿ, ಸತ್ತದ್ದಕ್ಕೆ ದೇವರಿಗೆ ಕೃತಜ್ಞತೆ ಎಂಬ ಅರ್ಥದ ಫಲಕ ಹಿಡಿದು ನಿಲ್ಲತೊಡಗಿದರು. ಮಗನ ಪೆಟ್ಟಿಗೆಯ ಹಿಂದೆ ನಡೆಯುವ ತಾಯಿಗೆ ಅದನ್ನು ಓದಿ ಏನಾದೀತು ಎಂದು ಯೋಚಿಸಿದರೆ, ಕಾಯಿದೆ ಬೇಕು ಎಂದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

2006ರ ಮೇ 29ರಂದು, ಇಲ್ಲಿನ ಹುತಾತ್ಮರ ಸ್ಮರಣೆಯ ದಿನ, ಅಧ್ಯಕ್ಷ ಬುಷ್ ಮೊದಲ ಒಕ್ಕೂಟ ಕಾಯಿದೆಗೆ ಸಹಿ ಹಾಕಿದರು. ಕೆಳಮನೆಯಲ್ಲಿ 408 ಮತ ಪರ, 3 ವಿರೋಧ. ಅದು ಅನ್ವಯಿಸಿದ್ದು ರಾಷ್ಟ್ರೀಯ ಸ್ಮಶಾನಗಳಿಗೆ ಮತ್ತು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಸೇನಾ ಸ್ಮಶಾನಕ್ಕೆ ಮಾತ್ರ. ಸಂಸ್ಕಾರಕ್ಕೆ 60 ನಿಮಿಷ ಮೊದಲು, 60 ನಿಮಿಷ ಆಮೇಲೆ. ಸ್ಮಶಾನದೊಳಗೆ ಹೋಗಿಬರುವ ದಾರಿಯಿಂದ 150 ಅಡಿಯೊಳಗೆ ಗದ್ದಲ ಮಾಡುವಂತಿಲ್ಲ, 300 ಅಡಿಯೊಳಗೆ ದಾರಿ ತಡೆಯುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ಡಾಲರ್‌ವರೆಗೆ ದಂಡ. ‘ಪ್ರತಿಭಟನೆ’ ಎಂದರೇನು ಎಂಬುದಕ್ಕೂ ವಿವರಣೆ ಇತ್ತು: ಪಿಕೆಟಿಂಗ್ (ಫಲಕ ಹಿಡಿದು ನಿಲ್ಲುವುದು), ಭಾಷಣ, ಧ್ವನಿವರ್ಧಕ, ಫಲಕ, ಬ್ಯಾನರ್, ಬಾವುಟ, ಕರಪತ್ರ, ಇವೆಲ್ಲ ಸಂಸ್ಕಾರದ ಭಾಗವಾಗಿ ಇಲ್ಲದಿದ್ದಾಗ. ಓದಿದವರಿಗೆ ಅನುಮಾನ ಉಳಿಯದ ಹಾಗೆ ಬರೆದದ್ದು.

ಈಗ ಎಲ್ಲರೂ ಹೆಸರಿಸುವ ಮೊಕದ್ದಮೆಗೆ ಬರೋಣ. 2006ರ ಮಾರ್ಚ್ 3ರಂದು ಇರಾಕ್‌ನಲ್ಲಿ ಮೆರೀನ್ ಯೋಧ ಮ್ಯಾಥ್ಯೂ ಸ್ನೈಡರ್ ತೀರಿಕೊಂಡ. ಮಾರ್ಚ್ 10ರಂದು ಮೇರಿಲ್ಯಾಂಡಿನ ವೆಸ್ಟ್‌ಮಿನ್‌ಸ್ಟರ್ ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಸಂಸ್ಕಾರ. ಫೆಲ್ಪ್ಸ್ ಗುಂಪಿನ ಏಳು ಜನ ಬಂದರು. ಪೊಲೀಸರಿಗೆ ಮೊದಲೇ ತಿಳಿಸಿದ್ದರು, ಪೊಲೀಸರು ತೋರಿಸಿದ ಜಾಗದಲ್ಲೇ ನಿಂತರು: ಸಾರ್ವಜನಿಕ ರಸ್ತೆಯ ಪಕ್ಕ, ತಾತ್ಕಾಲಿಕ ಬೇಲಿಯ ಹಿಂದೆ, 10 ಅಡಿ ಅಗಲ 25 ಅಡಿ ಉದ್ದದ ತುಂಡು ನೆಲ. ಚರ್ಚಿನಿಂದ ದೂರ ಸುಮಾರು 1,000 ಅಡಿ. ಸಂಸ್ಕಾರಕ್ಕೆ ಮೊದಲಿನ ಅರ್ಧ ಗಂಟೆ ಫಲಕ ಹಿಡಿದಿದ್ದರು. ತಂದೆ ಆಲ್ಬರ್ಟ್ ಸ್ನೈಡರ್‌ಗೆ ದಾರಿಯಲ್ಲಿ ಕಂಡದ್ದು ಫಲಕಗಳ ತುದಿ ಮಾತ್ರ. ಅದರಲ್ಲಿ ಬರೆದದ್ದೇನು ಎಂದು ತಿಳಿದದ್ದು ಅಂದು ರಾತ್ರಿ ಟಿವಿ ಸುದ್ದಿಯಲ್ಲಿ.

ತಂದೆ ದಾವೆ ಹೂಡಿದರು. ಜ್ಯೂರಿ ಕೊಡಿಸಿದ ಪರಿಹಾರ 29 ಲಕ್ಷ ಡಾಲರ್, ಅದರ ಮೇಲೆ ದಂಡರೂಪದಲ್ಲಿ 80 ಲಕ್ಷ ಡಾಲರ್. ನ್ಯಾಯಾಧೀಶರು ಒಟ್ಟು ಮೊತ್ತವನ್ನು 50 ಲಕ್ಷಕ್ಕೆ ಇಳಿಸಿದರು. ಮೇಲ್ಮನವಿ ನ್ಯಾಯಾಲಯ ತೀರ್ಪನ್ನೇ ರದ್ದು ಮಾಡಿತು, ಸಾಲದ್ದಕ್ಕೆ ಎದುರು ಪಕ್ಷದ ವೆಚ್ಚ 16,510 ಡಾಲರನ್ನು ತಂದೆಯೇ ತೆರಬೇಕೆಂದಿತು. 2011ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ 8–1ರಿಂದ ಫೆಲ್ಪ್ಸ್ ಗುಂಪಿನ ಪರ ನಿಂತಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದ ತೀರ್ಪಿನ ತಿರುಳು: ಮಾತು ಸಾರ್ವಜನಿಕ ವಿಷಯದ್ದು, ಜಾಗ ಸಾರ್ವಜನಿಕವಾದದ್ದು, ಕಾನೂನು ಮುರಿದಿಲ್ಲ, ಹಾಗಾಗಿ ಮಾತು ನೋವು ತಂದಿತು ಎಂಬ ಕಾರಣಕ್ಕೆ ಪರಿಹಾರ ಕೊಡಿಸಲಾಗದು. ನ್ಯಾಯಮೂರ್ತಿ ಅಲಿಟೊ ಒಬ್ಬರೇ ಭಿನ್ನಮತ ಬರೆದರು. ಅಷ್ಟು ಹೊತ್ತಿಗೆ ಮೇರಿಲ್ಯಾಂಡ್ ಸೇರಿ 44 ರಾಜ್ಯಗಳಲ್ಲಿ ಶವಸಂಸ್ಕಾರದ ಪಿಕೆಟಿಂಗ್ ನಿರ್ಬಂಧಿಸುವ ಕಾಯಿದೆಗಳಿದ್ದವು.

ತೀರ್ಪು ಬಂದ ಮುಂದಿನ ತಿಂಗಳೇ ಸೆನೆಟರ್ ಒಲಿಂಪಿಯಾ ಸ್ನೋ ಹೊಸ ಮಸೂದೆ ಮಂಡಿಸಿದರು. ಅದರ ಸಾರ 2012ರ ಆಗಸ್ಟ್ 6ರಂದು ಒಬಾಮ ಸಹಿ ಹಾಕಿದ ಮಾಜಿ ಸೈನಿಕರ ಕಾಯಿದೆಯೊಳಗೆ ಸೇರಿತು. 60 ನಿಮಿಷ 120 ಆಯಿತು. 150 ಅಡಿ 300 ಆಯಿತು, 300 ಅಡಿ 500 ಆಯಿತು. ಕುಟುಂಬದವರ ಮನೆಯ ಹತ್ತಿರ ಶಾಂತಿ ಕೆಡಿಸುವುದೂ ಅಪರಾಧವಾಯಿತು. ಜೈಲು, ದಂಡ ಬಿಟ್ಟು, ನೊಂದವರೇ ದಾವೆ ಹೂಡಿ ಪ್ರತಿ ಉಲ್ಲಂಘನೆಗೆ 25,000ದಿಂದ 50,000 ಡಾಲರ್ ಪಡೆಯುವ ದಾರಿಯೂ ತೆರೆಯಿತು.

ಇಲ್ಲೇ ನಿಂತು ಯೋಚಿಸಬೇಕಾದ್ದು. ಸ್ನೈಡರ್ ಪ್ರಕರಣದ ಕಾವಿನಲ್ಲಿ ಬಂದ ಈ ಬಿಗಿ ಕಾಯಿದೆ 2006ರಲ್ಲೇ ಇದ್ದಿದ್ದರೆ ಸ್ನೈಡರ್ ಕುಟುಂಬಕ್ಕೆ ಏನಾಗುತ್ತಿತ್ತು? ಏನೂ ಇಲ್ಲ. ಆ ಏಳು ಜನ ನಿಂತಿದ್ದು 1,000 ಅಡಿ ದೂರದಲ್ಲಿ. ಕಾಯಿದೆಯ ಗೆರೆ 300 ಅಡಿಗೆ. ಅವರು ನಿಂತ ಜಾಗ ಆ ಗೆರೆಯ ಮೂರು ಪಟ್ಟು ಆಚೆ. ತಂದೆಯ ಎದೆ ಒಡೆದದ್ದು ಟಿವಿಯಿಂದ, ಆಮೇಲೆ ಆ ಗುಂಪು ತನ್ನ ವೆಬ್‌ಸೈಟಿನಲ್ಲಿ ಬರೆದದ್ದರಿಂದ; ಅಡಿ ಅಳೆದು ತಡೆಯಬಹುದಾದ ಗಾಯ ಅದಾಗಿರಲಿಲ್ಲ. ಒಂದು ದೊಡ್ಡ ನೋವನ್ನು ಮುಂದಿಟ್ಟುಕೊಂಡು ಬಂದ ಮಸೂದೆ ಆ ನೋವನ್ನೇ ತಡೆಯುತ್ತಿರಲಿಲ್ಲ. ಯಾವ ಮಸೂದೆ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಇದು: ಯಾವ ಘಟನೆಯ ಹೆಸರು ಹೇಳಿ ಇದನ್ನು ತಂದಿದ್ದಾರೋ, ಆ ಘಟನೆಗೆ ಇದು ತಾಗುತ್ತದೆಯೇ?

ಎರಡನೆಯದು, ಅಳತೆ ಎಲ್ಲಿಂದ? ಸಮಾಧಿಯಿಂದಲೋ, ಸ್ಮಶಾನದ ಬೇಲಿಯಿಂದಲೋ, ದಾರಿಯಿಂದಲೋ? 2012ರ ಕಾಯಿದೆಯಲ್ಲಿ ಗದ್ದಲದ 300 ಅಡಿಯನ್ನು ಅಳೆಯುವುದು ಒಳಗೆ ಹೋಗುವ ದಾರಿ ಬೇಲಿಯನ್ನು ಸಂಧಿಸುವ ಜಾಗದಿಂದ, ದಾರಿ ತಡೆಯುವುದರ 500 ಅಡಿಯನ್ನು ಬೇಲಿಯಿಂದಲೇ. ಪುಟ್ಟ ಊರಿನ ಚರ್ಚಿನ ಅಂಗಳಕ್ಕೆ ಇದು ಸಣ್ಣ ವೃತ್ತ. ಆರ್ಲಿಂಗ್ಟನ್‌ನ ಮಾತು ಬೇರೆ. 600 ಎಕರೆಗೂ ಮೀರಿದ ಸ್ಮಶಾನ, ಕೆಲಸದ ದಿನಗಳಲ್ಲಿ ದಿನಕ್ಕೆ 27ರಿಂದ 30 ಸಂಸ್ಕಾರ. ಪ್ರತಿಯೊಂದರ ಹಿಂದೆ ಮುಂದೆ ಎರಡೆರಡು ಗಂಟೆ ಸೇರಿಸಿ ನೋಡಿ. ಒಂದರ ಗಡಿಯಾರ ನಿಲ್ಲುವ ಮೊದಲೇ ಇನ್ನೊಂದರದ್ದು ಶುರು. ಕಾಗದದ ಮೇಲೆ 120 ನಿಮಿಷ, ನೆಲದ ಮೇಲೆ ಇಡೀ ಹಗಲು. 60 ನಿಮಿಷವೇ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ. ಜನ ಸೇರಿ, ಸಂಸ್ಕಾರ ಮುಗಿಸಿ, ಕಾರು ಹತ್ತಿ ಹೊರಡಲು ಅಷ್ಟು ಹೊತ್ತು ಧಾರಾಳ. ಎರಡು ಗಂಟೆ ಬೇಕೇಬೇಕು ಎನ್ನುವುದಕ್ಕೆ ಗಟ್ಟಿ ಕಾರಣ ನನಗಂತೂ ಕಾಣಲಿಲ್ಲ.

ಮೂರನೆಯದು ಪದಗಳ ಆಯ್ಕೆ. ಇದಕ್ಕೆ ಪಕ್ಕದ ಪಕ್ಕದ ರಾಜ್ಯಗಳಾದ ಕೆಂಟಕಿ ಮತ್ತು ಒಹಾಯೊಗಿಂತ ಒಳ್ಳೆಯ ಪಾಠ ಸಿಗದು. ಎರಡೂ 300 ಅಡಿಯ ಕಾಯಿದೆ ಮಾಡಿದವು. ಎರಡೂ ಒಂದೇ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತವೆ. ಕೆಂಟಕಿಯ ಕಾಯಿದೆಯನ್ನು 2006ರಲ್ಲಿ ಒಕ್ಕೂಟದ ಜಿಲ್ಲಾ ನ್ಯಾಯಾಲಯ ತಡೆಯಿತು, ಯಾಕೆಂದರೆ ಸಂಸ್ಕಾರಕ್ಕೆ ಬಂದವರ ಕಣ್ಣಿಗೂ ಬೀಳದ ಕಿವಿಗೂ ಬೀಳದ ಮಾತನ್ನೂ ಅದು ಬಲೆಗೆ ಹಾಕಿಕೊಳ್ಳುತ್ತಿತ್ತು. ಆ ವೃತ್ತದೊಳಗೆ ಮನೆಗಳು, ಕಾಲುದಾರಿಗಳು ಎಲ್ಲ ಬರುತ್ತಿದ್ದವು. ಒಹಾಯೊದ್ದನ್ನು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿ ‘ಪ್ರತಿಭಟನೆ’ ಎಂಬುದಕ್ಕೆ ಸಂಸ್ಕಾರವನ್ನು ಕೆಡಿಸುವ ಇಲ್ಲವೇ ಕೆಡಿಸಲೆಂದೇ ಮಾಡುವ ಕೃತ್ಯ ಎಂಬ ವಿವರಣೆ ಇತ್ತು. ದೂರ ಅದೇ, ಒಂದು ಸಾಲಿನ ವಿವರಣೆ ಇದ್ದ ಕಾಯಿದೆ ಬದುಕಿತು, ಇಲ್ಲದ್ದು ಬಿತ್ತು.

ಮೆರವಣಿಗೆಯ ವಿಷಯದಲ್ಲಿ ಒಹಾಯೊ ಕೂಡ ಎಡವಿತು. ಶವಯಾತ್ರೆ ಸಾಗುವ ದಾರಿಯುದ್ದಕ್ಕೂ 300 ಅಡಿ ಎಂದು ಬರೆದಿದ್ದರು. ಅಂದರೆ ಗೆರೆಯೇ ನಡೆದುಕೊಂಡು ಬರುತ್ತದೆ. ರಸ್ತೆ ಬದಿಯಲ್ಲಿ ಬೇರೇನೋ ವಿಷಯಕ್ಕೆ ಫಲಕ ಹಿಡಿದು ನ್ಯಾಯವಾಗಿ ನಿಂತವನು, ಶವದ ವಾಹನ ತಿರುವಿನಲ್ಲಿ ಕಾಣಿಸಿಕೊಂಡ ಕ್ಷಣದಿಂದ ಅಪರಾಧಿ, ಅದು ದಾಟಿ ಹೋದ ಮೇಲೆ ಮತ್ತೆ ನಿರಪರಾಧಿ. ಆ ಭಾಗವನ್ನು ಜಿಲ್ಲಾ ನ್ಯಾಯಾಲಯವೇ ಕಿತ್ತುಹಾಕಿತು. ಮಿಸೌರಿ ರಾಜ್ಯದ ಕಾಯಿದೆಯೂ ಇದೇ ಕಲ್ಲಿಗೆ ಎಡವಿತು. ಅದೇ ರಾಜ್ಯದ ಮ್ಯಾಂಚೆಸ್ಟರ್ ಊರಿನವರು ಯಾತ್ರೆಯ ಗೊಡವೆಗೆ ಹೋಗದೆ ಸಂಸ್ಕಾರದ ಜಾಗಕ್ಕೆ ಮಾತ್ರ ಗೆರೆ ಹಾಕಿದ್ದರು; 2012ರಲ್ಲಿ ಅವರು ಗೆದ್ದರು. ನೆಬ್ರಾಸ್ಕಾದ 500 ಅಡಿಯೂ 2017ರಲ್ಲಿ ಉಳಿದುಕೊಂಡಿತು. ಗೆರೆ ನಿಂತಲ್ಲೇ ನಿಂತಿರಬೇಕು, ಅದು ಎಲ್ಲಿದೆ ಎಂದು ಫಲಕ ಹಿಡಿದವನಿಗೆ ಮೊದಲೇ ಗೊತ್ತಿರಬೇಕು ಎಂಬುದು ಈ ಹಗ್ಗಜಗ್ಗಾಟದಿಂದ ಹೊರಬಂದ ಪಾಠ.

ಕಾನೂನಿನ ಆಚೆಗೆ ಜನ ತಾವೇ ಕಂಡುಕೊಂಡ ಉಪಾಯವೂ ಒಂದಿದೆ. 2005ರಲ್ಲಿ ಕ್ಯಾನ್ಸಸ್‌ನಲ್ಲೇ ಬೈಕ್ ಸವಾರರ ಗುಂಪೊಂದು ಹುಟ್ಟಿಕೊಂಡಿತು, ಪೇಟ್ರಿಯಟ್ ಗಾರ್ಡ್ ರೈಡರ್ಸ್ ಎಂದು. ಕುಟುಂಬ ಕರೆದರೆ ಮಾತ್ರ ಬರುತ್ತಾರೆ. ದೊಡ್ಡ ದೊಡ್ಡ ಬಾವುಟ ಹಿಡಿದು ಸಾಲಾಗಿ ನಿಂತು, ಫಲಕದವರಿಗೂ ಕುಟುಂಬಕ್ಕೂ ನಡುವೆ ಗೋಡೆಯಾಗುತ್ತಾರೆ. ಜೈಲೂ ಇಲ್ಲ, ದಂಡವೂ ಇಲ್ಲ, ತಾಯಿಯ ಕಣ್ಣಿಗೆ ಫಲಕ ಬೀಳುವುದೂ ಇಲ್ಲ. ಸಂವಿಧಾನದ ತಕರಾರಿಲ್ಲದೆ ನೋವು ತಡೆದ ಈ ದಾರಿ ನನಗೆ ಕಾಯಿದೆಗಿಂತ ಹೆಚ್ಚು ಮೆಚ್ಚುಗೆಯಾಗುತ್ತದೆ.

ಅಮೆರಿಕದಲ್ಲಿ ಎಲ್ಲ ಅಳತೆಯ ಪ್ರಕಾರವೇ ನಡೆಯುತ್ತದೆ ಎಂದು ಯಾರೂ ತಿಳಿಯಬೇಡಿ. ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್ ಸೇನಾನೆಲೆಯ (ಆಗ ವಾಯುನೆಲೆ) ಮುಖ್ಯ ದ್ವಾರದ ಎದುರು, ಹೆದ್ದಾರಿಯ ಪಕ್ಕ, ಪ್ರತಿಭಟನೆಗೆಂದೇ ಗುರುತು ಮಾಡಿದ ಜಾಗವಿದೆ. ನೆಲದ ಮೇಲೆ ಹಸಿರು ಗೆರೆ ಬಳಿದಿದ್ದಾರೆ. ಜಾನ್ ಡೆನ್ನಿಸ್ ಏಪಲ್ ಎಂಬ ಯುದ್ಧವಿರೋಧಿಗೆ, ಹಿಂದಿನ ಪ್ರತಿಭಟನೆಗಳಲ್ಲಿ ನಿಯಮ ಮುರಿದ ಕಾರಣಕ್ಕೆ, ನೆಲೆಯ ಕಮಾಂಡರ್ ಬಹಿಷ್ಕಾರದ ಪತ್ರ ಕೊಟ್ಟಿದ್ದರು. 2010ರಲ್ಲಿ ಆತ ಮತ್ತೆ ಆ ಗುರುತಿನ ಜಾಗದಲ್ಲೇ ಬಂದು ನಿಂತ. 2014ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಹೆದ್ದಾರಿ ಸಾರ್ವಜನಿಕರ ಬಳಕೆಗೆ ತೆರೆದಿದ್ದರೂ ನೆಲ ಸೇನೆಯದು, ಕಮಾಂಡರ್ ಬೇಡವೆಂದವರು ಬರುವಂತಿಲ್ಲ. ವಾಕ್ ಸ್ವಾತಂತ್ರ್ಯದ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ಗೆರೆಯೊಳಗೆ ನಿಂತರೆ ಸಾಕು ಎನ್ನುವ ಭರವಸೆ ಒಬ್ಬ ಅಧಿಕಾರಿಯ ಪತ್ರದ ಮುಂದೆ ಮಂಡಿಯೂರಿತು. ಇದು ನಮಗೆ ತೀರಾ ಪರಿಚಿತವಾದ ವ್ಯವಸ್ಥೆ.

ಈಗ ಊರಿನ ಕಡೆ. ಶವಸಂಸ್ಕಾರಕ್ಕೆ ಭಂಗ ತರುವುದು ನಮ್ಮಲ್ಲಿ 1860ರ ದಂಡ ಸಂಹಿತೆಯಿಂದಲೇ ಅಪರಾಧ. ಹಳೆಯದರಲ್ಲಿ ಕಲಂ 297, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 301. ಯಾರದೇ ಭಾವನೆಗೆ ನೋವು ಮಾಡುವ ಉದ್ದೇಶದಿಂದ, ಅಥವಾ ನೋವಾಗುತ್ತದೆ ಎಂದು ಗೊತ್ತಿದ್ದೂ, ಸ್ಮಶಾನಕ್ಕೆ ನುಗ್ಗಿದರೆ, ಶವಕ್ಕೆ ಅವಮಾನ ಮಾಡಿದರೆ, ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು. ಇದರಲ್ಲಿ ನನಗೆ ಹಿಡಿಸುವುದು ಎರಡು. ತೊಂದರೆ ನಿಜವಾಗಿ ಆಗಿರಬೇಕು, ಅದರ ಹಿಂದೆ ಉದ್ದೇಶವೋ ಅರಿವೋ ಇರಬೇಕು. ಮತ್ತೆ, ಸತ್ತವನು ಸೈನಿಕನೋ ಕೂಲಿಯವನೋ ಎಂಬ ಭೇದವಿಲ್ಲ. ಅಮೆರಿಕದ ಒಕ್ಕೂಟ ಕಾಯಿದೆ ಸೇನೆಯಲ್ಲಿರುವವರಿಗೆ, ಇದ್ದವರಿಗೆ ಮಾತ್ರ ಕಟ್ಟಿದ ಬೇಲಿ. ಸಾವಿನ ಮನೆಯ ದುಃಖಕ್ಕೆ ದರ್ಜೆ ಇಲ್ಲವೆಂದ ನಮ್ಮ ಹಳೇ ಕಲಮೇ ನ್ಯಾಯವಾದದ್ದು.

ಇನ್ನು, ಅಮೆರಿಕದ 300 ಅಡಿಯನ್ನು ಹಾಗೇ ಒಯ್ದು ಭಾರತದಲ್ಲಿ ನೆಟ್ಟರೆ ಏನಾಗುತ್ತದೆ ಎಂದು ನೋಡಬೇಕು. ಅಮೆರಿಕದಲ್ಲಿ ಶವಸಂಸ್ಕಾರ ಕುಟುಂಬದ ಖಾಸಗಿ ಕಾರ್ಯ. ಹೊತ್ತು ನಿಗದಿ, ಯಾರು ಬರಬೇಕು ಎಂಬುದೂ ಹೆಚ್ಚುಕಡಿಮೆ ನಿಗದಿ. ನಮ್ಮಲ್ಲಿ ಯೋಧನ ಅಂತ್ಯಸಂಸ್ಕಾರ ಊರಿನದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತಕ್ಕೆ ಸಿಕ್ಕಿ ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಪಾರ್ಥಿವ ಶರೀರವನ್ನು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ದರ್ಶನಕ್ಕಿಟ್ಟಾಗ, ಕುಂದಗೋಳ ತಾಲ್ಲೂಕಿನ ಬೆಟದೂರಿನಲ್ಲಿ ಸಂಸ್ಕಾರ ನಡೆದಾಗ, ಸೇರಿದ ಜನಸಾಗರ ನೆನಪಿರಬಹುದು. 2019ರಲ್ಲಿ ಪುಲ್ವಾಮಾದಲ್ಲಿ ಮಡಿದ ಮಂಡ್ಯ ಜಿಲ್ಲೆಯ ಗುಡಿಗೆರೆಯ ಎಚ್. ಗುರು ಅವರದ್ದೂ ಹಾಗೆಯೇ. ಘೋಷಣೆ, ಬಾವುಟ, ಫಲಕ, ರಾಜಕಾರಣಿಗಳು, ಕುಶಾಲತೋಪು, ಎಲ್ಲ ಕೂಡಿದ್ದು. ಇದರಲ್ಲಿ ‘ಸಂಸ್ಕಾರದ ಭಾಗವಲ್ಲದ ಗದ್ದಲ’ ಯಾವುದು? ಅದನ್ನು ಹೇಳುವವರು ಯಾರು? ಪಾರ್ಥಿವ ಶರೀರ ಬರುವ ಹೊತ್ತೇ ಐದಾರು ಗಂಟೆ ಆಚೀಚೆ ಆಗುವಲ್ಲಿ 120 ನಿಮಿಷದ ಗಡಿಯಾರ ಯಾವಾಗ ಶುರು? ಊರವರು ಅದೇ ಹೊತ್ತಿಗೆ ಸ್ಮಾರಕಕ್ಕೆ ಜಾಗ ಕೇಳಿದರೆ, ಪರಿಹಾರ ಕೇಳಿದರೆ, ಮಂತ್ರಿ ಬರುವತನಕ ಶವ ಎತ್ತುವುದಿಲ್ಲ ಎಂದು ಕೂತರೆ, ಆ ಕಾಯಿದೆ ಮೊದಲು ಹಿಡಿಯುವುದು ಸತ್ತವನ ಬಂಧುಬಳಗವನ್ನೇ.

ಎರಡು ದೇಶಗಳ ನಡುವಿನ ದೊಡ್ಡ ವ್ಯತ್ಯಾಸ ಇಲ್ಲಿದೆ. ಆ 300 ಅಡಿಯ ಕಾಯಿದೆ ಸೈನಿಕನ ಕುಟುಂಬವನ್ನು ಪ್ರತಿಭಟನೆಗಾರರಿಂದ ಕಾಯಲು ಬಂದದ್ದು. ಭಾರತದಲ್ಲಿ ಸೇನೆಯ ವಿಷಯಕ್ಕೆ ಬೀದಿಗಿಳಿಯುವವರು ಬಹುಪಾಲು ಮಾಜಿ ಸೈನಿಕರು, ಅವರ ಮನೆಯವರು, ಸೇನೆ ಸೇರಲು ಹಂಬಲಿಸುವ ಹುಡುಗರು.

ಸಮಾನ ಹುದ್ದೆಗೆ ಸಮಾನ ಪಿಂಚಣಿ ಬೇಕೆಂದು ಮಾಜಿ ಸೈನಿಕರು 2015ರ ಜೂನ್‌ನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಭದ್ರತೆಯ ಕಾರಣ ಹೇಳಿ, ಪದಕ ಧರಿಸಿದ ಮುದುಕರನ್ನು ಪೊಲೀಸರು ಎಳೆದು ಎಬ್ಬಿಸಿದರು. ಎಷ್ಟು ಅಡಿ ದೂರ ಕೂತರೆ ಭದ್ರತೆಗೆ ಧಕ್ಕೆಯಿಲ್ಲ ಎಂಬ ಮಾತೇ ಇರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಶಬ್ದಮಾಲಿನ್ಯದ ಕಾರಣಕ್ಕೆ ಅಲ್ಲಿನ ಎಲ್ಲ ಧರಣಿಗಳನ್ನೂ ನಿಲ್ಲಿಸಿತು. ಇಷ್ಟು ಡೆಸಿಬಲ್, ಇಷ್ಟು ಗಂಟೆ ಎಂದು ಮಿತಿ ಹಾಕಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಮೈಕ್ ಜೋರಾಯಿತೆಂದು ಬೀದಿಯನ್ನೇ ಮುಚ್ಚಿದರು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಂಪೂರ್ಣ ನಿಷೇಧ ಸಲ್ಲದು ಎಂದು ಹೇಳಿ, ಮಾರ್ಗಸೂಚಿ ಮಾಡಿ ಎಂದು ಪೊಲೀಸರಿಗೆ ಎರಡು ತಿಂಗಳ ಗಡುವು ಕೊಟ್ಟಿತು. ಅಮೆರಿಕವೂ ಈ ಪಾಪದಿಂದ ಹೊರತಲ್ಲ. ಮೊದಲ ಮಹಾಯುದ್ಧದ ಬೋನಸ್ ಕೇಳಲು ವಾಷಿಂಗ್ಟನ್‌ನಲ್ಲಿ ಬಿಡಾರ ಹೂಡಿದ್ದ ಮಾಜಿ ಸೈನಿಕರ ಮೇಲೆ 1932ರ ಜುಲೈ 28ರಂದು ಜನರಲ್ ಮೆಕಾರ್ಥರ್ ಟ್ಯಾಂಕು, ಅಶ್ರುವಾಯು ತಂದಿದ್ದರು.

ನಾಲ್ಕು ವರ್ಷಕ್ಕೆ ಸೈನಿಕರನ್ನು ಭರ್ತಿ ಮಾಡಿಕೊಳ್ಳುವ ಅಗ್ನಿಪಥ್ ಯೋಜನೆಯ ಪ್ರಸಂಗದಲ್ಲಿ ಕಾಯಿದೆಯೂ ಬೇಕಾಗಲಿಲ್ಲ. 2022ರ ಜೂನ್ 14ರಂದು ಯೋಜನೆ ಪ್ರಕಟವಾಯಿತು. ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಬಿತ್ತು, ಸಿಕಂದರಾಬಾದಿನಲ್ಲಿ ಗೋಲಿಬಾರ್‌ಗೆ ಒಬ್ಬ ಯುವಕ ಬಲಿಯಾದ, ಧಾರವಾಡದಲ್ಲೂ ಸೇನೆ ಸೇರುವ ಕನಸಿನ ಹುಡುಗರು ಬೀದಿಗೆ ಬಂದು ಲಾಠಿ ಏಟು ತಿಂದರು. ಜೂನ್ 19ರಂದು ಸೇನೆಯ ಹಿರಿಯ ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದಿಷ್ಟು: ಭರ್ತಿಗೆ ಬರುವ ಪ್ರತಿಯೊಬ್ಬನೂ ತಾನು ಪ್ರತಿಭಟನೆಯಲ್ಲಾಗಲಿ ದಾಂದಲೆಯಲ್ಲಾಗಲಿ ಭಾಗಿಯಾಗಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು, ಪೊಲೀಸ್ ಪರಿಶೀಲನೆ ಆಗಬೇಕು. ಬೆಂಕಿ ಹಚ್ಚಿದವನನ್ನು ಸೇನೆ ಸೇರಿಸಿಕೊಳ್ಳದಿರಲಿ, ಅದು ಸರಿ. ಫಲಕ ಹಿಡಿದು ಸುಮ್ಮನೆ ನಿಂತವನೂ ಅದೇ ತಕ್ಕಡಿಗೆ ಬಿದ್ದದ್ದು ತಪ್ಪು. ಸಂಸತ್ತಿನಲ್ಲಿ ಚರ್ಚೆಯಿಲ್ಲ, ಕಲಂ ಇಲ್ಲ, ಮೇಲ್ಮನವಿಯಿಲ್ಲ. ಇಪ್ಪತ್ತರ ಹರೆಯದ ಹುಡುಗನ ಜೀವಮಾನದ ಆಸೆಯನ್ನು ಒತ್ತೆಯಿಟ್ಟುಕೊಂಡ ನಿರ್ಬಂಧ. ನ್ಯಾಯಾಲಯದಲ್ಲಿ ಪ್ರಶ್ನಿಸಲು ಹಿಡಿತಕ್ಕೇ ಸಿಗದ ಇಂಥದ್ದು 300 ಅಡಿಗಿಂತ ನೂರು ಪಾಲು ಅಪಾಯಕಾರಿ.

ಕಾಯಿದೆಯ ರೂಪದಲ್ಲೇ ಬಂದದ್ದೂ ಒಂದಿದೆ, 2021ರ ಅಗತ್ಯ ರಕ್ಷಣಾ ಸೇವೆಗಳ ಕಾಯಿದೆ. 41 ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆಯುವ ಮುನ್ನ ಕಾರ್ಮಿಕರ ಮುಷ್ಕರ ತಡೆಯಲು ತಂದದ್ದು. ಮುಷ್ಕರಕ್ಕೆ ಸೇರಿದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಪ್ರಚೋದಿಸಿದರೆ ಎರಡು ವರ್ಷ ಅಥವಾ 15,000. ಸಾಮೂಹಿಕ ರಜೆ ಹಾಕುವುದೂ, ನಿಧಾನಗತಿಯ ದುಡಿಮೆಯೂ ಮುಷ್ಕರವೇ. ರಕ್ಷಣೆಗೆ ಬೇಕಾದ ಸರಕು ತಯಾರಿಸುವ ಯಾವ ಸಂಸ್ಥೆಯನ್ನೂ ಒಳಗೆ ಎಳೆದುಕೊಳ್ಳುವಷ್ಟು ಅಗಲವಾದ ವಿವರಣೆ, ಅಂದರೆ ಬೆಂಗಳೂರಿನ ಎಚ್‌ಎಎಲ್, ಬಿಇಎಲ್ ಕಾರ್ಮಿಕರೂ ಅದರ ನೆರಳಲ್ಲಿದ್ದರು. 2019ರ ಅಕ್ಟೋಬರ್‌ನಲ್ಲಿ ವೇತನ ಪರಿಷ್ಕರಣೆಗಾಗಿ ಎಚ್‌ಎಎಲ್‌ನವರು ಹೂಡಿದಂಥ ಮುಷ್ಕರ ಈ ಕಾಯಿದೆ ಇದ್ದಾಗ ಆಗಿದ್ದರೆ ಜೈಲಿನ ದಾರಿಯಾಗಬಹುದಿತ್ತು. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ನೌಕರರಿಗೆ ಮುಷ್ಕರದ ಹಕ್ಕು ಎಂದೆಂದಿಗೂ ಇಲ್ಲ, ಆ ಮಟ್ಟಿಗೆ ಇನ್ನೂ ಬಿಗಿ. ಆದರೆ ಖಾಸಗಿ ಕಂಪನಿಯಾದ ಬೋಯಿಂಗ್‌ನ ಸೇಂಟ್ ಲೂಯಿಸ್ ಘಟಕಗಳಲ್ಲಿ ಯುದ್ಧವಿಮಾನ ಕಟ್ಟುವ ಸುಮಾರು 3,200 ಕಾರ್ಮಿಕರು 2025ರ ಆಗಸ್ಟ್‌ನಿಂದ ಮೂರು ತಿಂಗಳು ಮುಷ್ಕರ ಮಾಡಿದರು, ಯಾರೂ ಅವರನ್ನು ಜೈಲಿಗೆ ಹಾಕಲಿಲ್ಲ. ನಮ್ಮ 2021ರ ಕಾಯಿದೆಯಲ್ಲಿ ನಾನು ಮೆಚ್ಚುವುದು ಒಂದೇ: ಒಂದು ವರ್ಷಕ್ಕೆ ತಾನಾಗಿ ರದ್ದಾಗುವ ಕಲಂ. ತುರ್ತಿನ ಹೆಸರಲ್ಲಿ ಬರುವ ಪ್ರತಿ ಕಾಯಿದೆಗೂ ಇಂಥ ಕೊನೆಯ ದಿನಾಂಕ ಇರಬೇಕು. ಅಮೆರಿಕದ ಶವಸಂಸ್ಕಾರ ಕಾಯಿದೆಗಳಿಗೆ ಅದಿಲ್ಲ.

ಇನ್ನು ದಿನನಿತ್ಯದ ಅನುಮತಿಯ ವಿಷಯ. ವಾಷಿಂಗ್ಟನ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ, ಶ್ವೇತಭವನದ ಎದುರಿನ ಜಾಗ ಸೇರಿದಂತೆ, ನಿಯಮ ಹೀಗಿದೆ. 25 ಜನರವರೆಗಿನ ಗುಂಪಿಗೆ ಬಹುತೇಕ ಜಾಗಗಳಲ್ಲಿ ಅನುಮತಿಯೇ ಬೇಡ. ಅದಕ್ಕಿಂತ ಹೆಚ್ಚಾದರೆ 48 ಗಂಟೆ ಮೊದಲು ಅರ್ಜಿ. ಅರ್ಜಿ ಮುಟ್ಟಿದ 24 ಗಂಟೆಯೊಳಗೆ ನಿರಾಕರಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ ಲೆಕ್ಕ. ಅಧಿಕಾರಿ ಸುಮ್ಮನಿದ್ದರೆ ಅದು ಒಪ್ಪಿಗೆ.

ನಮ್ಮಲ್ಲಿ ಅಧಿಕಾರಿ ಸುಮ್ಮನಿದ್ದರೆ ಅದು ನಿರಾಕರಣೆ. ಸಂಘಟಕರ ಹೆಸರು, ಬರುವ ಜನರ ಸಂಖ್ಯೆ, ಹೊತ್ತು, ದಾರಿ ಬರೆದು ಅರ್ಜಿ ಕೊಡಬೇಕು, ಮೈಕ್‌ಗೆ ಬೇರೆ ಪರವಾನಗಿ. ಉತ್ತರ ಹಿಂದಿನ ರಾತ್ರಿಯವರೆಗೂ ಬರುವುದಿಲ್ಲ. ಬಂದರೆ ‘ಕಾನೂನು ಸುವ್ಯವಸ್ಥೆಯ ದೃಷ್ಟಿಯಿಂದ’ ಎಂಬ ಒಂದೇ ಸಾಲು. ಅದರ ಮೇಲೆ ನಿಷೇಧಾಜ್ಞೆ: ಹಳೇ ಸೆಕ್ಷನ್ 144, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಒಂದು ಆಜ್ಞೆ ಎರಡು ತಿಂಗಳವರೆಗೆ ನಡೆಯುತ್ತದೆ. ಇಲ್ಲಿ ಕೆಡುವುದು ಹೇಗೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ, ಸೇನೆಗೆ ಸಂಬಂಧಿಸಿದ್ದಲ್ಲದಿದ್ದರೂ. 2019ರ ಡಿಸೆಂಬರ್ 19ರಿಂದ ಮೂರು ದಿನ ನಗರದಲ್ಲಿ ನಿಷೇಧಾಜ್ಞೆ ಹೇರಿದರು, ಅದಾಗಲೇ ಕೊಟ್ಟಿದ್ದ ಅನುಮತಿಗಳೂ ಬಿದ್ದುಹೋದವು, ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪುರಭವನದ ಬಳಿ ಎಳೆದೊಯ್ದರು. ಆ ಆಜ್ಞೆ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ ಹೇಳಿತು, 2020ರ ಫೆಬ್ರವರಿಯಲ್ಲಿ. ಮೂರು ದಿನದ ಆಜ್ಞೆ ತಪ್ಪೆಂದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಅಂದು ಆಡಬೇಕಾದ ಮಾತನ್ನು ಅಂದು ಆಡಲಾಗದವರಿಗೆ ಆ ತೀರ್ಪಿನಿಂದ ಸಿಕ್ಕಿದ್ದು ಕಾಗದ ಮಾತ್ರ.

2021ರಿಂದ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆಗಳಿಗೆ ಪೊಲೀಸ್ ಕಮಿಷನರ್ ಹೊರಡಿಸಿದ ಪರವಾನಗಿ ಆದೇಶವೊಂದು ಇದೆ. ಹಳೇ ಸೆಂಟ್ರಲ್ ಜೈಲಿದ್ದ ಫ್ರೀಡಂ ಪಾರ್ಕೇ ಜಾಗ. ಪಿಂಚಣಿ ಕೇಳುವ ಮಾಜಿ ಸೈನಿಕರಾದರೂ ಅಲ್ಲಿಗೇ ಹೋಗಬೇಕು. ಜಾಗ ಗೊತ್ತುಮಾಡಿದ್ದರ ಬಗ್ಗೆ ನನ್ನ ತಕರಾರು ಕಡಿಮೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಆಂಬುಲೆನ್ಸಿನ ಕಷ್ಟವೂ ಕಷ್ಟವೇ. ಆದರೆ ಆ ಆದೇಶಕ್ಕೆ ಮೂರು ಸಾಲು ಸೇರಿಸಲು ಸಂಸತ್ತೂ ಬೇಡ, ಸುಪ್ರೀಂ ಕೋರ್ಟೂ ಬೇಡ, ಆದೇಶ ಮಾಡಿದ ಕಮಿಷನರೇ ಸಾಕು. 25 ಜನರವರೆಗೆ ಅರ್ಜಿ ಬೇಡ, ಠಾಣೆಗೆ ತಿಳಿಸಿದರೆ ಸಾಕು ಎಂಬುದು ಒಂದು. ನಿರಾಕರಿಸುವುದಾದರೆ ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಏನು ತೊಂದರೆ ಎಂದು ಬರೆದೇ ಕೊಡಬೇಕು, ಬದಲಿ ಹೊತ್ತನ್ನೂ ಸೂಚಿಸಬೇಕು ಎಂಬುದು ಇನ್ನೊಂದು. ಅರ್ಜಿ ಕೊಟ್ಟ 24 ಗಂಟೆಯೊಳಗೆ ಆ ಕಾಗದ ಕೈಗೆ ಬರದಿದ್ದರೆ, ಠಾಣೆಯ ಮುದ್ರೆಯಿರುವ ಅರ್ಜಿಯ ನಕಲೇ ಅನುಮತಿ ಪತ್ರ ಎಂಬುದು ಮೂರನೆಯದು.